ಕಾಲು ನಂದು, ಸಹಿ ನಂದು

ಹೋದ ವಾರ ಭೀಮನಬೀಡಿಗೆ ಹೋಗಿದ್ದೆ. ಮಾದೇವಮ್ಮನ ಮೊಮ್ಮಗಳ ಮದುವೆಯ ಬ್ಲೌಸುಗಳನ್ನು ಕೊಟ್ಟು ಬರುವುದಿತ್ತು. ಆಟೋ ಊರು ಹತ್ತಿರವಾಗುತ್ತಿದ್ದ ಹಾಗೆ ರಸ್ತೆಯ ಎರಡೂ ಬದಿಗೆ ಚೆಂಡು ಹೂವು. ಕೇರಳದ ನಂಬರಿನ ಕಾರುಗಳು ಸಾಲಾಗಿ ನಿಂತಿದ್ದವು. ಹುಡುಗಿಯರು ಹೊಲದ ಬದುವಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಗಷ್ಟೇ ಜಿನುಗು ಮಳೆ ಬಂದು ಹೋಗಿತ್ತು. ಹೂವಿನ ವಾಸನೆ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಬಂದು ಬಿತ್ತು. ಹಸಿ ಹಸಿ, ಸ್ವಲ್ಪ ಕಹಿ, ಗಂಟಲವರೆಗೂ ಇಳಿಯುವ ವಾಸನೆ. ಫೋಟೋ ತೆಗೆಸಿಕೊಳ್ಳುವವರಿಗೆ ಅದು ಹೇಗಿರುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಕೈ ತಾನಾಗಿ ಎಡಗಾಲಿಗೆ ಹೋಗುತ್ತದೆ.

ಆ ವಾಸನೆಯ ಹಿಂದೆ ಬಚ್ಚಿಟ್ಟುಕೊಂಡು ಬದುಕಿದವಳು ನಾನು. ಆಮೇಲೆ ಒಂದು ಮಳೆಗಾಲದಲ್ಲಿ ಬಚ್ಚಿಟ್ಟುಕೊಳ್ಳುವುದನ್ನು ಬಿಟ್ಟೆ. ಅದು ನಾಲ್ಕು ವರ್ಷದ ಹಿಂದಿನ ಮಾತು.

ನಾನು ಹುಟ್ಟಿದ್ದು ಚಾಮರಾಜನಗರದಲ್ಲಿ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಓಣಂ ಹೊತ್ತಿಗೆ ಗಡಿ ದಾಟಿ ಬರುವ ಗಿರಾಕಿಗಳ ಜೊತೆ ಮುರುಕು ಮಲಯಾಳ. ಹೆಸರು ಶಮೀಮ್. ಗಿರಾಕಿಗಳಿಗೆ ಶಮೀಮಕ್ಕ. ಗಂಡ ತೀರಿಕೊಂಡ ಮೇಲೂ ಹೊಲಿಗೆ ಅಂಗಡಿಯನ್ನು ನಡೆಸಿಕೊಂಡು ಬಂದೆ. ಅವರಿದ್ದಾಗಲೂ ಅದು ನನ್ನದೇ ಅಂಗಡಿ. ಬೆಳಿಗ್ಗೆ ನಿಂತುಕೊಂಡು ಕತ್ತರಿಸುವುದು, ಮಧ್ಯಾಹ್ನದಿಂದ ಕೂತು ಮೆಷಿನ್ ತುಳಿಯುವುದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ದುಡಿದ ಕಾಲುಗಳಲ್ಲಿ ನೀಲಿ ನರಗಳು ಹುರಿಯಂತೆ ಉಬ್ಬಿದ್ದವು. ಪಾದದ ಗಿಣ್ಣಿನ ಸುತ್ತ ಚರ್ಮ ಕಪ್ಪಗಾಗಿ ಸದಾ ತುರಿಸುತ್ತಿತ್ತು. ಒಂದು ದಿನ ಮೆಷಿನ್ ಸ್ಟ್ಯಾಂಡಿನ ಮೂಲೆ ತಾಗಿ ಎಡಗಾಲಿನ ಒಳಬದಿ ಗೀರಿತು. ಉಗುರಿನಷ್ಟು ಗೀರು. ಅದು ಆರು ವರ್ಷ ಮಾಯಲಿಲ್ಲ. ಮಾಯುವ ಹಾಗೆ ಮಾಡುತ್ತಿತ್ತು, ಮತ್ತೆ ಬಾಯಿ ಬಿಡುತ್ತಿತ್ತು. ಕೊನೆಗೆ ನನ್ನ ಅಂಗೈಯಷ್ಟು ಅಗಲವಾಯಿತು. ಅರಿಸಿನ ಹಚ್ಚಿದೆ, ಬೇವು ಹಚ್ಚಿದೆ, ಮುಲಾಮು, ಪುಡಿ, ಮಾತ್ರೆ ಎಲ್ಲ ಆಯಿತು. ಯಾರ ಹತ್ತಿರ ಹೋದರೂ ಮೇಲಿನ ಹುಣ್ಣನ್ನು ನೋಡಿ ಏನಾದರೂ ಬರೆದುಕೊಡುತ್ತಿದ್ದರು. ಕಾಲನ್ನು ಯಾರೂ ನೋಡಲಿಲ್ಲ.

ನೋವನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ವಾಸನೆ. ಹುಣ್ಣು ಸೋರುತ್ತಿತ್ತು. ಎಷ್ಟು ಬಟ್ಟೆ ಬದಲಾಯಿಸಿದರೂ ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಅದು ತುಂಬಿಕೊಳ್ಳುತ್ತಿತ್ತು. ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿ ಮೇಲೆ ಸೀರೆ ಇಳಿಬಿಟ್ಟು ಕೂರುತ್ತಿದ್ದೆ. ಚೆಂಡು ಹೂವಿನ ಕಾಲ ಬಂದರೆ ಜೀವಕ್ಕೆ ಸಮಾಧಾನ. ಪಕ್ಕದ ಖಾಲಿ ಜಾಗದಲ್ಲಿ ಹೂವಿನ ಮೂಟೆಗಳನ್ನು ತಂದು ತೂಗುತ್ತಿದ್ದರು. ಇಡೀ ಬೀದಿಗೆ ಅದೇ ವಾಸನೆ. ಆ ಮೂರು ತಿಂಗಳು ಯಾರ ಮೂಗಿಗೂ ನನ್ನ ಕಾಲು ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಹೂವು ಬರುವುದಕ್ಕೆ ಮುಂಚೆಯೇ, ಮೇ ತಿಂಗಳಲ್ಲಿ, ಬ್ಯಾಂಕಿನ ಮೇಡಂ ಒಬ್ಬರು ಬಂದರು. ಹತ್ತು ವರ್ಷದ ಗಿರಾಕಿ. ಕೈಯಲ್ಲಿ ನಾನು ಹೊಲಿದುಕೊಟ್ಟ ರೇಷ್ಮೆ ಬ್ಲೌಸು.

"ಶಮೀಮಕ್ಕ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಏನೋ ವಾಸನೆ. ಬಿಸಿಲಿಗೆ ಹಾಕಿದೆ, ಆದ್ರೂ ಹೋಗ್ತಿಲ್ಲ."

ನಾನು ಬ್ಲೌಸನ್ನು ಮೂಗಿಗೆ ಹಿಡಿದೆ. ಹೊಸ ರೇಷ್ಮೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ವಾಸನೆ ಬ್ಲೌಸಿನಲ್ಲಿರಲಿಲ್ಲ, ಅಳತೆ ಕೊಡಲು ಬಂದ ದಿನ ಅವರ ಮೂಗಿಗೆ ಹತ್ತಿಕೊಂಡದ್ದು ಹೋಗಿರಲಿಲ್ಲ. ಅವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. "ಇಡಿ ಮೇಡಂ, ಬೇರೆ ಹೊಲಿದುಕೊಡ್ತೀನಿ" ಅಂದೆ. "ಬೇಡ ಬಿಡಿ" ಅಂದು ಬ್ಲೌಸನ್ನು ಮೇಜಿನ ಮೇಲೆ ಇಟ್ಟು ಹೋದರು. ಆ ದಿನ ನಾನು ಅಳಲಿಲ್ಲ. ಸಿಟ್ಟು ಬಂತು. ಅವರ ಮೇಲಲ್ಲ. ಸೀರೆಯ ಅಂಚಿನ ಕೆಳಗೆ ಕಳ್ಳನ ಹಾಗೆ ಕೂತಿದ್ದ ನನ್ನ ಕಾಲಿನ ಮೇಲೆ, ಅದನ್ನು ಕಳ್ಳನ ಹಾಗೆ ಕೂರಿಸಿದ್ದ ನನ್ನ ಮೇಲೆ.

ವಿಷಯ ಹೇಗೋ ಚಾಮರಾಜನಗರದಲ್ಲಿದ್ದ ಅಣ್ಣನಿಗೆ ಮುಟ್ಟಿತು. ಇಕ್ಬಾಲ್ ಭಯ್ಯಾನದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಸ್ಸು ಹತ್ತಿ ಬಂದೇಬಿಟ್ಟ.

"ಅಂಗಡಿ ಮುಚ್ಚು. ನಮ್ಮ ಮನೇಲಿ ಒಂದು ರೂಮು ಖಾಲಿ ಇದೆ. ಭಾಬಿ ನೋಡ್ಕೋತಾಳೆ. ಈ ಕಾಲಿಟ್ಟುಕೊಂಡು ಯಾಕೆ ತುಳೀತೀಯ?"

"ನಕ್ಕೋ ಭಯ್ಯಾ" ಅಂದೆ. ಬೇಡ. "ರೂಮಲ್ಲಿ ಕೂತರೆ ಕಾಲು ವಾಸಿಯಾಗುತ್ತಾ?"

"ಹಾಗಾದ್ರೆ ವಾಸಿ ಮಾಡಿಸೋಣ. ನಮ್ಮೂರಿಗೆ ದೊಡ್ಡ ಕ್ಯಾಂಪು ಬರ್ತಿದೆ. ಸ್ಟೆಮ್ ಸೆಲ್ ಅಂತೆ. ಮೂರೇ ಇಂಜೆಕ್ಷನ್ನು."

ಭಯ್ಯಾ ಕೆಟ್ಟವನಲ್ಲ. ನನ್ನ ಮೇಲೆ ಜೀವ. ಸ್ಟೆಮ್ ಸೆಲ್ ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹೋದೆ.

ಕ್ಯಾಂಪು ನಡೆದದ್ದು ಒಂದು ಲಾಡ್ಜಿನ ಹಾಲಿನಲ್ಲಿ. ಎಲ್ಲಿಂದಲೋ ಬಂದಿದ್ದ ಟೈ ಕಟ್ಟಿದ ಮನುಷ್ಯನೊಬ್ಬ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದ. ಎಡಕ್ಕೆ ಹುಣ್ಣಾದ ಕಾಲು, ಬಲಕ್ಕೆ ವಾಸಿಯಾದ ಕಾಲು. ಮೊದಲು, ಆಮೇಲೆ. ಸುತ್ತ ಮೂವತ್ತು ನಲವತ್ತು ಜನ, ಎಲ್ಲರ ಕಾಲಿಗೂ ಬಟ್ಟೆ ಸುತ್ತಿತ್ತು. ನನ್ನ ಪಕ್ಕದಲ್ಲಿ ಉಮ್ಮತ್ತೂರಿನ ಗಂಡ ಹೆಂಡತಿ ಕೂತಿದ್ದರು. ಇಂಜೆಕ್ಷನ್ನಿಗೆ ಕ್ಯಾಂಪಿನವರು ಕೇಳುತ್ತಿದ್ದ ದುಡ್ಡಿನಲ್ಲಿ ಒಂದು ಜೊತೆ ಎತ್ತು ಬರುತ್ತದೆ ಎಂದು ಆ ಮುದುಕ ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ.

ನಾನು ಎದ್ದು ಕೇಳಿದೆ, "ಸಾರ್, ಆ ಇಂಜೆಕ್ಷನ್‌ನಲ್ಲಿ ಇರೋದು ಯಾರದು? ಯಾರ ಮೈಯಿಂದ ತೆಗೆದದ್ದು?"

"ಇಂಪೋರ್ಟೆಡ್ ಅಮ್ಮ. ನೂರಕ್ಕೆ ನೂರು ಗ್ಯಾರಂಟಿ."

"ಗ್ಯಾರಂಟೀನ ಬರೆದುಕೊಡ್ತೀರಾ?"

ಅವನು ನಕ್ಕು ಮುಂದಿನ ಚಿತ್ರಕ್ಕೆ ಹೋದ. ನಾನು ಚಿತ್ರವನ್ನೇ ನೋಡುತ್ತಿದ್ದೆ. ಅಳತೆ ತೆಗೆದೂ ತೆಗೆದೂ ನನ್ನ ಕಣ್ಣಿಗೆ ಒಂದು ಚಾಳಿ. ಎರಡು ವಸ್ತು ಪಕ್ಕ ಪಕ್ಕ ಇದ್ದರೆ ಹೋಲಿಸದೆ ಬಿಡುವುದಿಲ್ಲ. ಎಡಗಡೆಯ ಚಿತ್ರದಲ್ಲಿ ಹೆಬ್ಬೆರಳು ಉದ್ದ. ಬಲಗಡೆಯದರಲ್ಲಿ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ.

"ಸಾರ್, ಸ್ವಲ್ಪ ನಿಲ್ಸಿ" ಅಂದೆ. "ಹುಣ್ಣು ವಾಸಿಯಾಗೋದು ಸರಿ. ಬೆರಳು ಯಾಕೆ ಉದ್ದ ಆಯ್ತು? ಇವೆರಡೂ ಒಬ್ಬರ ಕಾಲಲ್ಲ."

 ಭಯ್ಯಾ ನನ್ನ ಸೆರಗು ಎಳೆಯುತ್ತಿದ್ದ. ಟೈ ಕಟ್ಟಿದವನು "ಕ್ಯಾಮೆರಾ ಆಂಗಲ್ಲು" ಅಂತೇನೋ ಅಂದ. ಉಮ್ಮತ್ತೂರಿನ ಮುದುಕ ಎದ್ದು ನಿಂತು ಪರದೆಯ ಹತ್ತಿರವೇ ಹೋಗಿ ಬಗ್ಗಿ ನೋಡಿದ. ತಿರುಗಿ ಬಂದು ಹೆಂಡತಿಗೆ, "ಏಳಮ್ಮಿ, ಓಗನ" ಅಂದ. ಅವರ ಹಿಂದೆ ನಾನೂ ಹೊರಟೆ. ಭಯ್ಯಾ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ, "ನಿಜವಾಗ್ಲೂ ಬೆರಳು ಬೇರೆ ಇತ್ತಾ?"

ಜೂನ್ ಕೊನೆಯ ಹೊತ್ತಿಗೆ ಜ್ವರ ಬಂತು. ವಿಧಿಯಿಲ್ಲದೆ ಊರಿನ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಹೋದೆ. ಅಲ್ಲಿ ಬೀನಾ ಸಿಸ್ಟರ್ ಇದ್ದರು. ಸುಲ್ತಾನ್ ಬತ್ತೇರಿ ಕಡೆಯವರು, ಬಿರುಸು ಮಾತು, ಹಗುರ ಕೈ. ಬೆಂಚಿನ ಮೇಲೆ ನನಗಿಂತ ಮುಂಚೆ ಒಬ್ಬ ಹೆಂಗಸು ಸೀರೆಯನ್ನು ಮೊಣಕಾಲವರೆಗೆ ಎತ್ತಿ, ಹುಣ್ಣನ್ನು ಎಲ್ಲರಿಗೂ ಕಾಣುವ ಹಾಗೆ ಚಾಚಿಕೊಂಡು, ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಅರವತ್ತರ ಹತ್ತಿರ ಇರಬೇಕು. ಬೆರಳುಗಳೆಲ್ಲ ಚೆಂಡು ಹೂವಿನ ಬಣ್ಣ ಹತ್ತಿ ಹಳದಿ. ನಾನು ಸೀರೆಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡದ್ದನ್ನು ನೋಡಿದಳು.

"ಏನಮ್ಮಿ, ನಿಂದೂ ಕಾಲಾ?"

"ಹೂಂ."

"ಎಷ್ಟ್ ವರ್ಸ ಆಯ್ತು?"

"ಆರು."

"ನಂದು ನಾಕು. ನೀನೇ ಸೀನಿಯರ್ ಬುಡು" ಅಂದು ಜಾಗ ಬಿಟ್ಟುಕೊಟ್ಟಳು.

ಅವಳೇ ಮಾದೇವಮ್ಮ. ಭೀಮನಬೀಡಿನವಳು. ಕೂಲಿಗೆ ಹೂವು ಕೀಳುತ್ತಿದ್ದಳು. ದಿನವಿಡೀ ಸಾಲಿನಲ್ಲಿ ನಿಂತು ನಿಂತು ಅವಳ ಕಾಲಿನ ನರಗಳೂ ನನ್ನ ಹಾಗೆಯೇ ಸೋತಿದ್ದವು.

ಇಬ್ಬರ ಕಾಲನ್ನೂ ತೊಳೆದು ಕಟ್ಟುತ್ತ ಬೀನಾ ಸಿಸ್ಟರ್ ಹೇಳಿದರು, "ಮೈಸೂರಲ್ಲಿ ನನ್ನ ಫ್ರೆಂಡ್ ಒಂದು ದೊಡ್ಡ ಆಸ್ಪತ್ರೇಲಿ ಇದ್ದಾಳೆ. ಅಲ್ಲಿ ಇಂಥ ಹುಣ್ಣಿಗೆ ಹೊಸ ಚಿಕಿತ್ಸೆ ಪರೀಕ್ಷೆ ಮಾಡ್ತಿದ್ದಾರೆ. ಸ್ಟೆಮ್ ಸೆಲ್."

ನಾನು ಕಾಲು ಎಳೆದುಕೊಂಡೆ. "ಆ ಹೆಸರು ಎತ್ತಬೇಡಿ ಸಿಸ್ಟರ್. ಆ ಸಿನಿಮಾ ನೋಡಿಕೊಂಡು ಬಂದಿದ್ದೀನಿ."

ಅವರು ಕ್ಯಾಂಪಿನ ಕತೆ ಪೂರ್ತಿ ಕೇಳಿದರು. "ನಿಮಗೆ ಒಂದು ಮಾತು ಹೇಳ್ತೀನಿ. ಪರೀಕ್ಷೆ ಮಾಡೋರು ನಿಮ್ಮ ಹತ್ರ ದುಡ್ಡು ಕೇಳೋ ಹಾಗಿಲ್ಲ. ಗ್ಯಾರಂಟಿ ಅನ್ನೋ ಹಾಗಿಲ್ಲ. ಈ ಎರಡರಲ್ಲಿ ಒಂದು ಅಂದ್ರೂ ಎದ್ದು ಬನ್ನಿ."

ಮಾದೇವಮ್ಮ ಎಲೆ ಅಡಿಕೆ ಉಗುಳಿ ಬಂದು ತೀರ್ಮಾನ ಕೊಟ್ಟಳು. "ಓಗಿ ನೋಡನ ಕಣಮ್ಮಿ. ಕಾಲಿಟ್ಕೊಂಡು ಓಯ್ತೀವಿ, ಕಾಲಿಟ್ಕೊಂಡೇ ಬತ್ತೀವಿ. ಇನ್ನೇನ್ ಕಿತ್ಕತಾರೆ?"

ಜುಲೈ ಮೊದಲ ವಾರ, ನಂಜನಗೂಡು ದಾಟುವವರೆಗೂ ಬಿಡದ ಮಳೆಯಲ್ಲಿ, ಇಬ್ಬರೂ ಮೈಸೂರಿಗೆ ಹೋದೆವು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರು ಹುಣ್ಣಿಗಿಂತ ಮುಂಚೆ ಕಾಲನ್ನು ನೋಡಿದರು. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು. ಕೈಗೂ ಕಾಲಿಗೂ ಬಿಪಿ ಪಟ್ಟಿ ಕಟ್ಟಿ, ಪೆನ್ನಿನಂಥ ಒಂದು ಯಂತ್ರ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿದರು. ನರಗಳಲ್ಲಿ ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ. ಮೇಲೆ ಹೋದ ರಕ್ತ ಕೆಳಗೆ ಬಾರದ ಹಾಗೆ ಅವು ಮುಚ್ಚಿಕೊಳ್ಳಬೇಕು. ನಮ್ಮಿಬ್ಬರದೂ ಮುಚ್ಚುತ್ತಿರಲಿಲ್ಲ. ರಕ್ತ ಕೆಳಗೇ ನಿಂತು, ಕಾಲು ಊದಿ, ಚರ್ಮಕ್ಕೆ ಉಸಿರು ಕಟ್ಟಿ ಹುಣ್ಣು ಮಾಯುತ್ತಿರಲಿಲ್ಲ. ಆರು ವರ್ಷದಲ್ಲಿ ಇದನ್ನು ನನಗೆ ಹೇಳಿದವರು ಅವರೇ ಮೊದಲು.

ಚಿಕಿತ್ಸೆಯ ವಿಷಯ ಬಂದಾಗ ಹನ್ನೊಂದು ಪುಟದ ಕನ್ನಡ ಕಾಗದ ಕೊಟ್ಟರು. ಅದರಲ್ಲಿ ಕಾಂಡಕೋಶ ಎಂದು ಬರೆದಿತ್ತು. ನಾನು ಜೋರಾಗಿ ಓದಿದೆ.

"ಕಾಂಡ ಅಂದ್ರೆ ಗಿಡದ್ದಲ್ವಾ?" ಮಾದೇವಮ್ಮ ಕೇಳಿದಳು. "ಕಾಲಿಗೆ ಗಿಡ ನೆಟ್ಟಾರಾ?"

ಡಾಕ್ಟರು ನಕ್ಕರು. ಹೊಟ್ಟೆಯ ಹತ್ತಿರದಿಂದ ಸ್ವಲ್ಪ ಕೊಬ್ಬು ತೆಗೆಯುತ್ತಾರಂತೆ. ಅದರಲ್ಲಿರುವ ಕೆಲವು ಕೋಶಗಳನ್ನು ಲ್ಯಾಬಿನಲ್ಲಿ ಮೂರು ವಾರ ಬೆಳೆಸಿ ಹುಣ್ಣಿನ ಅಂಚಿಗೆ ಚುಚ್ಚುತ್ತಾರಂತೆ.

"ಯಾರ ಕೊಬ್ಬು?" ನಾನು ಕೇಳಿದೆ.

"ನಿಮ್ಮದೇ."

"ಅವು ಹೋಗಿ ಚರ್ಮ ಆಗ್ತಾವಾ?"

"ಹಾಗಲ್ಲ. ನಿಮ್ಮ ಹುಣ್ಣಿನ ಸುತ್ತ ಇರೋ ಕೋಶಗಳು ಕೆಲಸ ಬಿಟ್ಟು ಕೂತಿವೆ. ಇವು ಹೋಗಿ ಅವುಗಳನ್ನ ಎಬ್ಬಿಸಬಹುದು ಅಂತ ನಮ್ಮ ಅಂದಾಜು. ಎಬ್ಬಿಸದೇನೂ ಇರಬಹುದು. ಅದನ್ನೇ ನೋಡ್ತಿರೋದು. ಇನ್ನೊಂದು ವಿಷಯ, ಬಂದವರಲ್ಲಿ ಅರ್ಧ ಜನಕ್ಕೆ ಮಾತ್ರ ಇದು. ಉಳಿದ ಅರ್ಧ ಜನಕ್ಕೆ ಊತ ಇಳಿಸೋ ಒಳ್ಳೆ ಬಿಗಿ ಪಟ್ಟಿ ಮಾತ್ರ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ನಾನು ಆರಿಸಲ್ಲ, ನೀವೂ ಆರಿಸೋ ಹಾಗಿಲ್ಲ."

ಗ್ಯಾರಂಟಿ ಇಲ್ಲ ಎಂದು ಬಾಯಿ ಬಿಟ್ಟು ಹೇಳಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಅದೇ ಹಿಡಿಸಿತು.

ಕಾಗದವನ್ನು ಮನೆಗೆ ತಂದು ಎರಡು ಸಲ ಓದಿದೆ. ಭಯ್ಯಾ ಫೋನಿನಲ್ಲಿ ಕೂಗಾಡಿದ. "ನಿನ್ನ ಮೇಲೆ ಪ್ರಯೋಗ ಮಾಡ್ತಾರಾ? ಇಲಿಯಾ ನೀನು?"

"ಆ ಲಾಡ್ಜಲ್ಲಿ ದುಡ್ಡು ಕೊಟ್ಟು ಇಲಿ ಆಗ್ತಿದ್ದೆ ಭಯ್ಯಾ. ಇಲ್ಲಿ ಏನೇನು ಮಾಡ್ತಾರೆ, ಏನೇನು ಕೆಟ್ಟದ್ದಾಗಬಹುದು ಅಂತ ಬರೆದುಕೊಟ್ಟಿದ್ದಾರೆ. ಇಲಿಗೆ ಯಾರೂ ಹನ್ನೊಂದು ಪುಟ ಬರೆದುಕೊಡಲ್ಲ."

ಮುಂದಿನ ವಾರ ಸಹಿ ಮಾಡಲು ಹೋದಾಗ ಕೌಂಟರಿನಲ್ಲಿ ಕೂತಿದ್ದವನು ಕಾಗದ ನೋಡಿ, ನನ್ನ ತಲೆಯ ಮೇಲಿನ ಸೆರಗು ನೋಡಿ, "ಯಜಮಾನ್ರು ಎಲ್ಲಿ?" ಅಂದ.

"ತೀರಿಕೊಂಡಿದ್ದಾರೆ."

"ಹಾಗಾದ್ರೆ ಅಣ್ಣನೋ ತಮ್ಮನೋ ಯಾರಾದ್ರೂ ಗಂಡಸರನ್ನ ಕರ್ಕೊಂಡು ಬನ್ನಿ. ಆಮೇಲೆ ಗಲಾಟೆ ಆಗುತ್ತೆ."

"ಹುಣ್ಣು ಅಣ್ಣನ ಕಾಲಲ್ಲಿ ಆಗಿದ್ರೆ ಅಣ್ಣನ್ನ ಕರ್ಕೊಂಡು ಬರ್ತಿದ್ದೆ" ಅಂದೆ. "ಕಾಲು ನಂದು, ಸಹಿ ನಂದು. ಪೆನ್ನು ಕೊಡಿ."

ನನ್ನ ಗಂಟಲು ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಒಳಗಿನಿಂದ ಎದ್ದು ಬಂದು ಕೌಂಟರಿನವನಿಗೆ, "ಇವರೇ ಓದಿದ್ದಾರೆ, ಇವರೇ ಸಹಿ ಮಾಡ್ತಾರೆ. ಬೇರೆ ಯಾರೂ ಬೇಕಾಗಿಲ್ಲ" ಅಂದರು. ಪ್ರತಿ ಪುಟದ ಕೆಳಗೂ ಕನ್ನಡದಲ್ಲಿ ಪೂರ್ತಿ ಹೆಸರು ಬರೆದೆ.

ಆ ದಿನವೇ ಮಾದೇವಮ್ಮನನ್ನು ಪರೀಕ್ಷೆಯಿಂದ ಕೈಬಿಟ್ಟರು. ಹೆಬ್ಬೆಟ್ಟು ಒತ್ತಲು ಅವಳು ತಯಾರಾಗಿಯೇ ಬಂದಿದ್ದಳು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಂಡಿತ್ತು, ಅದೂ ತುಂಬಾ ಏರಿತ್ತು. ಅಂಥವರನ್ನು ಈ ಪರೀಕ್ಷೆಗೆ ಸೇರಿಸುವಂತಿಲ್ಲವಂತೆ. ನನಗೆ ಮೈ ಉರಿಯಿತು.

"ಅವರು ನನ್ನ ಜೊತೆ ಬಂದಿದ್ದಾರೆ. ದಿನದ ಕೂಲಿ ಬಿಟ್ಟು ಬಂದಿದ್ದಾರೆ. ಅವರನ್ನ ಬಿಟ್ಟು ನನ್ನ ಮಾತ್ರ ಹೇಗೆ ತಗೋತೀರಿ?"

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಮಾದೇವಮ್ಮ ನನ್ನ ಕೈ ಅದುಮಿದಳು. "ಸುಮ್ಕಿರಮ್ಮಿ. ನಂಗೆ ಬೇಜಾರಿಲ್ಲ. ಸಕ್ರೆ ಅದೆ ಅಂತ ಇಲ್ಲಿ ಬಂದ್ಮೇಲಲ್ವಾ ಗೊತ್ತಾಯ್ತು? ಇಲ್ದಿದ್ರೆ ಒಂದಿನ ಹೂವಿನ್ ಸಾಲಲ್ಲೇ ಬಿದ್ದೋಯ್ತಿದ್ದೆ."

ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು. ಗುಂಡ್ಲುಪೇಟೆಯಲ್ಲಿ ಇಳಿಯುವಾಗ ನೋಡಿದೆ, ಸೆರಗಿನ ತುದಿ ಒದ್ದೆಯಾಗಿತ್ತು. ಅಲ್ಲೇ ನಾನು ಒಂದು ತೀರ್ಮಾನಕ್ಕೆ ಬಂದೆ.

ಡಾಕ್ಟರು ಅವಳಿಗೆ ಸಕ್ಕರೆಗೆ ಔಷಧಿ ಬರೆದಿದ್ದರು. ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿದೆ, ಬಿಗಿ ಪಟ್ಟಿ ಕಟ್ಟಬಹುದು ಎಂದೂ ಬರೆದಿದ್ದರು. ಆದರೆ ಕಟ್ಟುವವರು ಯಾರು? ವಾರ ವಾರ ಮೈಸೂರಿಗೆ ಹೋದರೆ ಅವಳ ಹೊಟ್ಟೆಪಾಡು ನಡೆಯುವುದಿಲ್ಲ. ಮುಂದಿನ ಸಲ ಹೋದಾಗ ನಾನು ಮೈಸೂರಿನ ನರ್ಸಿಗೆ, "ಕಟ್ಟೋದನ್ನ ನನಗೆ ಕಲಿಸಿ" ಎಂದೆ. ಅವರು ಅನುಮಾನದಿಂದ ನೋಡಿದರು. ಬಿಗಿ ಹೆಚ್ಚಾದರೆ ಕಾಲಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಗಿಣ್ಣಿನ ಹತ್ತಿರ ಹೆಚ್ಚು ಬಿಗಿ, ಮೊಣಕಾಲಿಗೆ ಹೋಗುತ್ತ ಹೋಗುತ್ತ ಕಡಿಮೆ. ಆ ಪಟ್ಟಿಯ ಮೇಲೆ ಉದ್ದುದ್ದ ಆಯತಗಳು ಅಚ್ಚಾಗಿದ್ದವು. ಸರಿಯಾಗಿ ಎಳೆದರೆ ಅವು ನಾಲ್ಕೂ ಕಡೆ ಸಮನಾಗಿ ಚೌಕ ಆಗಬೇಕು. ಬಟ್ಟೆಯ ಎಳೆತ ನನಗೆ ಹೇಳಿಕೊಡಬೇಕೇ? ಎರಡನೇ ಸಲಕ್ಕೇ ನರ್ಸು, "ನಮ್ಮ ಸ್ಟೂಡೆಂಟ್ಸಿಗಿಂತ ಚೆನ್ನಾಗಿ ಕಟ್ತೀರ" ಅಂದರು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಾದೇವಮ್ಮ ಭೀಮನಬೀಡಿನಿಂದ ನನ್ನ ಅಂಗಡಿಗೆ ಬರುತ್ತಿದ್ದಳು. ಬೀನಾ ಸಿಸ್ಟರ್ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದು ಹುಣ್ಣು ನೋಡಿ, ನಾನು ಕಟ್ಟುವುದನ್ನು ನಿಂತು ನೋಡಿ, ಬೆರಳುಗಳ ಬಣ್ಣ ನೋಡಿ ತಲೆಯಾಡಿಸಿ ಹೋಗುತ್ತಿದ್ದರು.

"ಬಿಗಿ ಆಯ್ತಾ ಮಾದೇವಮ್ಮ? ಬೆರಳು ಜುಮ್ ಅಂದ್ರೆ ಹೇಳಿ, ಬಿಚ್ಚಿಬಿಡ್ತೀನಿ."

"ಏನಿಲ್ಲ, ಇರ್ಲಿ ಬುಡು. ಸಡ್ಲ ಕಟ್ಕೊಂಡ್ ಕಟ್ಕೊಂಡೇ ನಾಕು ವರ್ಸ ಕಳ್ದೆ."

ನನ್ನ ಚೀಟಿಗೆ ಕಾಂಡಕೋಶ ಬಂದಿತ್ತು. ಮೊದಲು ಎರಡು ವಾರ ಬರೀ ಪಟ್ಟಿ ಕಟ್ಟಿ ನೋಡಿದರು. ಊತ ಇಳಿಯಿತು, ಹುಣ್ಣು ಮಾತ್ರ ಹಟ ಬಿಡಲಿಲ್ಲ. ಆಗಸ್ಟಿನಲ್ಲಿ ಹೊಟ್ಟೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಬ್ಬು ತೆಗೆದರು. ಸಣ್ಣ ಬಾಟಲಿಯಲ್ಲಿ ಬೆಣ್ಣೆಯ ಬಣ್ಣದ್ದು. ವರ್ಷಗಟ್ಟಲೆ ಕೂತು ಬೆಳೆಸಿದ ಹೊಟ್ಟೆ ಕೊನೆಗೂ ಕೆಲಸಕ್ಕೆ ಬಂತು ಎಂದು ನಕ್ಕೆ. ಮೂರು ವಾರದ ಮೇಲೆ ಹುಣ್ಣಿನ ಸುತ್ತ ಚುಚ್ಚಿದರು. ಅದು ಮಾತ್ರ ನಗುವ ವಿಷಯವಾಗಿರಲಿಲ್ಲ. ಸುತ್ತಲೂ ಒಂದೊಂದೇ ಸೂಜಿ ಇಳಿದಾಗ ನರ್ಸಿನ ಕೈಯನ್ನು ಮುರಿಯುವಷ್ಟು ಹಿಡಿದಿದ್ದೆ.

ಡಾಕ್ಟರು ಕಾಲನ್ನು ಎತ್ತರದಲ್ಲಿಡಲು ಹೇಳಿದ್ದರು. ಮೆಷಿನ್ನಿಗೆ ಮೋಟರು ಹಾಕಿಸಿ ಬಲಗಾಲಿನಲ್ಲಿ ಒತ್ತುವುದನ್ನು ಕಲಿತೆ. ಎಡಗಾಲನ್ನು ಪಟ್ಟಿಯ ಸಮೇತ ಒಂದು ಸ್ಟೂಲಿನ ಮೇಲೆ ಚಾಚಿ, ಅಂಗಡಿಯ ಬಾಗಿಲಿಗೆ ಎದುರಾಗಿಯೇ ಕೂತೆ. ಸೀರೆ ಇಳಿಬಿಡಲಿಲ್ಲ. ಹೂವು ತೂಗುವ ಜಾಗದ ಮೇಸ್ತ್ರಿ ಒಳ್ಳೆಯ ಮಾತಿನಲ್ಲೇ ಹೇಳಿದ, "ಶಮೀಮಕ್ಕ, ಕಾಲು ಒಳಗಿಡಬಾರದಾ? ಗಿರಾಕಿ ಬತ್ತಾರೆ."

"ಒಳಗಿಟ್ಟು ಆರು ವರ್ಷ ನೋಡಿದೆ. ವಾಸಿಯಾಗಲಿಲ್ಲ. ಇನ್ನು ಹೊರಗಿಟ್ಟು ನೋಡ್ತೀನಿ."

ಗಿರಾಕಿಗಳು ಬಂದರು. ಕೆಲವರು ಬರಲಿಲ್ಲ. ಬಂದವರು ಕಾಲು ನೋಡಿ ಕೇಳಿದರು, ನಾನು ಎಲ್ಲ ಹೇಳಿದೆ. ಆಶ್ಚರ್ಯವೆಂದರೆ, ಕೇಳಿದ ನಾಲ್ವರಲ್ಲಿ ಒಬ್ಬರಿಗಾದರೂ ಮನೆಯಲ್ಲಿ ಅಂಥ ಒಂದು ಕಾಲಿತ್ತು. ಅತ್ತೆಯದು, ಅಪ್ಪನದು, ತನ್ನದೇ.

ದಸರಾಗೆ ಮುಂಚೆ ಎಲ್ಲ ಕೆಡುವ ಹಾಗಾಯಿತು. ಹುಣ್ಣು ಕುಗ್ಗುತ್ತಿದ್ದದ್ದು ನಿಂತಿತು. ಪಟ್ಟಿಯ ಮೇಲೆ ಹಸಿರು ಕಲೆ ಬಂತು. ಜ್ವರ, ನಡುಕ. ಭಯ್ಯಾ ಬಂದು ಹಾಸಿಗೆಯ ಪಕ್ಕ ಕೂತು, "ಹೇಳಿದೆ ತಾನೇ" ಎನ್ನಲಿಲ್ಲ. ಅದನ್ನು ಅವನು ಅನ್ನದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮೈಸೂರಿಗೆ ಅವನೇ ಕರೆದುಕೊಂಡು ಹೋದ.

"ನಿಮ್ಮ ಇಂಜೆಕ್ಷನ್‌ನಿಂದಲೇ ಆಯ್ತಾ ಇದು?" ಎಂದು ಡಾಕ್ಟರನ್ನು ಕೇಳಿದೆ.

"ಇರಬಹುದು. ಇಲ್ಲದೇನೂ ಇರಬಹುದು. ನನಗೆ ಗೊತ್ತಿಲ್ಲ, ಹಾಗೇ ಬರೀತೀನಿ" ಅಂದರು. "ಪರೀಕ್ಷೆಯಿಂದ ಹೊರಗೆ ಹೋಗಬೇಕು ಅನ್ಸಿದ್ರೆ ಹೋಗಬಹುದು. ಕಾಗದದಲ್ಲಿ ಓದಿದ್ದೀರಲ್ಲ. ಹೋದ್ರೂ ಈ ಸೋಂಕಿಗೆ ಚಿಕಿತ್ಸೆ ನಾನೇ ಕೊಡ್ತೀನಿ."

ಭಯ್ಯಾ ನನ್ನ ಮುಖ ನೋಡಿದ. ಹೋಗೋಣ ಅನ್ನುತ್ತಾನೆ ಅಂದುಕೊಂಡೆ. ಅವನು, "ಸಹಿ ನಿಂದು. ನೀನೇ ಹೇಳು" ಅಂದ.

"ಇರ್ತೀನಿ" ಅಂದೆ.

ಹತ್ತು ದಿನ ಔಷಧಿ ಆಯಿತು. ಜ್ವರ ಬಿಟ್ಟಿತು, ಹಸಿರು ಹೋಯಿತು. ಆಮೇಲೆ ಒಂದು ವಾರ ಪಟ್ಟಿ ಬಿಚ್ಚಿದಾಗ ಹುಣ್ಣಿನ ತಳ ಕೆಂಪಗೆ, ದಾಳಿಂಬೆ ಕಾಳಿನ ಹಾಗೆ ಕಂಡಿತು. ಅದೇ ಒಳ್ಳೆಯದು ಎಂದು ನರ್ಸು ಹೇಳಿದರು. ಅಂಚಿನಿಂದ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಚರ್ಮ ಒಳಕ್ಕೆ ಹರಿದು ಬರುತ್ತಿತ್ತು. ದೀಪಾವಳಿಯ ಹೊತ್ತಿಗೆ ಅಂಗೈಯಷ್ಟಿದ್ದದ್ದು ಹೆಬ್ಬೆರಳಷ್ಟಾಯಿತು. ಹೊಸ ವರ್ಷ ಬರುವಷ್ಟರಲ್ಲಿ ಮುಚ್ಚಿತು. ಆ ದಿನ ಮನೆಗೆ ಬಂದು ಆರು ವರ್ಷದಲ್ಲಿ ಮೊದಲ ಸಲ ಕಾಲಿನ ಮೇಲೆ ನೇರವಾಗಿ ನೀರು ಸುರಿದುಕೊಂಡೆ. ಅಳು ಬಂದದ್ದು ಆಗ.

ಆ ಚಳಿಗಾಲದಲ್ಲೇ ಬ್ಯಾಂಕಿನ ಮೇಡಂ ಬಂದರು. ಒಳಗೆ ಬಂದು ಕೂತು, ಬಹಳ ಹೊತ್ತು ಬಟ್ಟೆಯ ಬಣ್ಣದ ಬಗ್ಗೆ ಮಾತಾಡಿ, ಕೊನೆಗೆ, "ನಮ್ಮಮ್ಮಂಗೂ ಕಾಲಲ್ಲಿ ಒಂದು ಹುಣ್ಣಿದೆ. ಯಾರಿಗೂ ಹೇಳಿಲ್ಲ" ಅಂದರು. ನಾನು ಬೀನಾ ಸಿಸ್ಟರ್ ಹೆಸರು ಬರೆದುಕೊಟ್ಟೆ. "ಮೊದಲು ಕಾಲಿಗೆ ರಕ್ತ ಹರಿಯೋದನ್ನ ನೋಡಿಸಿ. ಆಮೇಲೆ ಪಟ್ಟಿ. ಯಾರಾದ್ರೂ ಗ್ಯಾರಂಟಿ ಅಂದ್ರೆ ಎದ್ದು ಬನ್ನಿ."

ಗ್ಯಾರಂಟಿಯವರೂ ಬಂದರು. ಕ್ಯಾಂಪಿನ ಕಡೆಯ ಒಬ್ಬ ಭಯ್ಯಾನ ಅಂಗಡಿಗೆ ಹೋಗಿ, ನಿಮ್ಮ ತಂಗಿಗೆ ಸ್ಟೆಮ್ ಸೆಲ್ಲಿನಿಂದ ವಾಸಿಯಾಯಿತಂತೆ, ವೇದಿಕೆಯ ಮೇಲೆ ಬಂದು ಎರಡು ಮಾತಾಡಲಿ ಅಂದನಂತೆ. ಭಯ್ಯಾ ನನಗೆ ಫೋನು ಮಾಡಿದ. ನಾನು ಏನಾದರೂ ಹೇಳುವ ಮುಂಚೆಯೇ, "ಬೆರಳು ಅಳೆಯೋಕೆ ಬೇಕಾದ್ರೆ ಬರ್ತಾಳೆ ಅಂತ ಹೇಳಿ ಕಳಿಸಿದೆ" ಅಂದ.

ನನ್ನ ಕಾಲು ಮುಚ್ಚಿದ್ದು ಕಾಂಡಕೋಶದಿಂದಲೋ, ಬಿಗಿ ಪಟ್ಟಿಯಿಂದಲೋ, ಎರಡರಿಂದಲೋ, ನನಗೆ ಗೊತ್ತಿಲ್ಲ. ಎಲ್ಲರ ಕಾಲಿನ ಲೆಕ್ಕ ಕೂಡಿಸಿದ ಮೇಲೆ ಹೇಳಬಹುದು, ಒಂದು ಕಾಲು ನೋಡಿ ಹೇಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಮಾದೇವಮ್ಮನ ಹುಣ್ಣು ಬರೀ ಪಟ್ಟಿಯಿಂದ, ಸಕ್ಕರೆ ಇಳಿದದ್ದರಿಂದ, ಯುಗಾದಿಯ ಹೊತ್ತಿಗೆ ಕಡಲೆ ಕಾಳಿನಷ್ಟಾಗಿತ್ತು. ಅದು ಈಗಲೂ ಒಂದೊಂದು ಮಳೆಗಾಲ ಬಾಯಿ ಬಿಡುತ್ತದೆ. ಅವಳು ಹೂವಿನ ಸಾಲು ಬಿಟ್ಟಿಲ್ಲ, ನಾನು ಪಟ್ಟಿ ಕಟ್ಟುವುದನ್ನು ಬಿಟ್ಟಿಲ್ಲ. ನನ್ನ ಕಾಲಿಗೂ ದಿನಾ ಬಿಗಿ ಕಾಲುಚೀಲ ಬೇಕು. ಒಂದು ವಾರ ಅಸಡ್ಡೆ ಮಾಡಿದರೆ ಕಾಲು ಊದಿಕೊಂಡು ನೆನಪಿಸುತ್ತದೆ. ಅಷ್ಟಕ್ಕೆಲ್ಲ ನಾನು ಹೆದರುವುದಿಲ್ಲ.

ಕಾಲು ಮುಚ್ಚಿದ ವರ್ಷದ ಬೇಸಿಗೆಯಲ್ಲಿ ಪರೀಕ್ಷೆಯ ಕೊನೆಯ ಭೇಟಿಗೆ ಮೈಸೂರಿಗೆ ಹೋದೆ. ಡಾಕ್ಟರು ಹೊಸ ಚರ್ಮದ ಪಕ್ಕ ಅಳತೆಪಟ್ಟಿ ಇಟ್ಟು ಕ್ಯಾಮೆರಾ ಹಿಡಿದರು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಗ್ಗಿದೆ.

"ನೀವು ಹಿಂದೆ ಸರೀಬೇಕು ಶಮೀಮಮ್ಮ" ಅಂದರು. "ಮುಖ ಬರೋ ಹಾಗಿಲ್ಲ. ಹೆಸರೂ ಬರೋ ಹಾಗಿಲ್ಲ. ಬರೀ ನಂಬರು. ನಿಮ್ಮ ಗುರುತು ಯಾರಿಗೂ ಗೊತ್ತಾಗಬಾರದು ಅಂತ ನಿಯಮ."

"ಆರು ವರ್ಷ ಈ ಕಾಲು ನನ್ನದೇ ಅಲ್ಲ ಅನ್ನೋ ಹಾಗೆ ಮುಚ್ಚಿಟ್ಟಿದ್ದೆ ಡಾಕ್ಟ್ರೇ. ವಾಸಿಯಾದ ಮೇಲೂ ಇದು ಯಾರದೋ ಕಾಲಾ?"

ಅವರು ಕ್ಯಾಮೆರಾ ಕೆಳಗಿಳಿಸಿದರು. "ನಿಯಮ ಇರೋದು ನನಗೆ. ನಾನು ಹೇಳಬಾರದು ಅಷ್ಟೇ. ನೀವು ಹೇಳ್ಕೊಂಡ್ರೆ ಯಾರೂ ತಡೆಯೋಕಾಗಲ್ಲ."

ಹೇಳಿಕೊಳ್ಳುತ್ತಿದ್ದೇನೆ. ಆ ಫೋಟೋದಲ್ಲಿರುವ ಎಡಗಾಲು ಗುಂಡ್ಲುಪೇಟೆಯ ಟೈಲರ್ ಶಮೀಮಳದು.